ಪುಸ್ತಕ ಮುಚ್ಚಿದ ಮೇಲೆ ಉಳಿಯುವುದೆಷ್ಟು?

ಬೋಧನಾಭ್ಯಾಸಕ್ಕೆಂದು ನನಗೆ ಸಿಕ್ಕಿದ್ದು ಶಹಾಪುರದ ಒಂದು ಪ್ರೌಢಶಾಲೆ. ಒಂಬತ್ತನೆಯ ತರಗತಿಗೆ ‘ಚಲನೆ’ ಪಾಠ. ಚಾರ್ಟ್ ಹಚ್ಚಿ, ಬಸ್ಸಿನ ಉದಾಹರಣೆ ಕೊಟ್ಟು ಜವ, ವೇಗ, ವೇಗೋತ್ಕರ್ಷ ಮೂರನ್ನೂ ವಿವರಿಸಿದೆ. ಮಕ್ಕಳು ಉದ್ದಕ್ಕೂ ತಲೆಯಾಡಿಸಿದರು. ಕೊನೆಯ ಐದು ನಿಮಿಷ ಮೌಲ್ಯಮಾಪನದ ಪ್ರಶ್ನೆ ಕೇಳಿದಾಗ ಮಾತ್ರ ತರಗತಿ ಸುಮ್ಮನಾಯಿತು. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಟೀಚರ್, ನೀವ್ ಹೇಳೂ ಮುಂದ ತಿಳೀತದ್ರೀ, ಕೇಳಿದ್ರ ಬರಂಗಿಲ್ರೀ” ಎಂದಳು.

ಅವಳಿಗೆ ಏನು ಹೇಳಬೇಕೋ ನನಗೆ ಆಗ ತೋಚಲಿಲ್ಲ. ಏಕೆಂದರೆ ಅದು ನನ್ನದೇ ಕಥೆ. ಬಿ.ಎಸ್ಸಿ. ಮೂರನೆಯ ಸೆಮಿಸ್ಟರ್‌ನಲ್ಲಿ ಗಣಿತದ ಒಂದು ಪತ್ರಿಕೆಯಲ್ಲಿ ನಾನು ನಪಾಸಾಗಿದ್ದೆ. ಓದದೆ ಅಲ್ಲ. ನೋಟ್ಸನ್ನು ನಾಲ್ಕು ಸಲ ಓದಿದ್ದೆ, ಬಣ್ಣದ ಪೆನ್ನಿನಿಂದ ಗೆರೆ ಎಳೆದಿದ್ದೆ, ಕೊನೆಯ ಎರಡು ರಾತ್ರಿ ಸರಿಯಾಗಿ ಮಲಗಿರಲಿಲ್ಲ. ಪರೀಕ್ಷಾ ಕೊಠಡಿಯಲ್ಲಿ ಆ ಲೆಕ್ಕ ಯಾವ ಪುಟದ ಯಾವ ಮೂಲೆಯಲ್ಲಿದೆ ಎಂಬುದು ನೆನಪಾಯಿತು, ಲೆಕ್ಕ ನೆನಪಾಗಲಿಲ್ಲ. ಫಲಿತಾಂಶ ಅವ್ವನಿಗೆ ಹೇಳಲು ಒಂದು ತಿಂಗಳು ಹಿಡಿಯಿತು. ಆ ಸಲದ ಫೀಸು ಅವಳು ಹತ್ತಿ ಬಿಡಿಸಿ ತಂದ ಕೂಲಿಯದು. ನನಗೆ ತಲೆಯೇ ಇಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಮುಂದಿನ ಸಲ ಗೆಳತಿಯೊಬ್ಬಳು ಹಳೆಯ ಪ್ರಶ್ನೆಪತ್ರಿಕೆಗಳನ್ನು ನೋಟ್ಸ್ ನೋಡದೆ ಬಿಡಿಸಲು ಹಚ್ಚಿದಳು. ಪಾಸಾದೆ. ಯಾಕೆ ಪಾಸಾದೆ ಎಂಬುದು ತಿಳಿದದ್ದು ಇಲ್ಲಿ, ಬಿ.ಇಡಿ.ಯಲ್ಲಿ ಮನೋವಿಜ್ಞಾನ ಓದುವಾಗ.

ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಮರೆಯುತ್ತೇನೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತದ್ದು ಮೊದಲ ಒಂದೆರಡು ದಿನಗಳಲ್ಲೇ ಬಹಳಷ್ಟು ಸೋರಿಹೋಗುತ್ತದೆ, ಆಮೇಲೆ ಸೋರುವ ವೇಗ ಇಳಿಯುತ್ತದೆ. ಇದು ದಡ್ಡರಿಗೆ ಮಾತ್ರ ಆಗುವುದಲ್ಲ, ಎಲ್ಲರಿಗೂ ಆಗುತ್ತದೆ.

ಎರಡನೆಯದು 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗ. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಯಲ್ಲೂ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರು ಅವಧಿಯಲ್ಲಿ ಹಾಳೆ ನೋಡದೆ ನೆನಪಿದ್ದುದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು: ಅವರಿಗೆ ಶೇ. 83ರಷ್ಟು ನೆನಪಿತ್ತು, ಬರೆದವರಿಗೆ ಶೇ. 71. ಒಂದು ವಾರದ ನಂತರ ಲೆಕ್ಕ ತಿರುಗಿತು: ಓದಿದವರಿಗೆ ಶೇ. 40, ಬರೆದವರಿಗೆ ಶೇ. 61.

ಮತ್ತೆ ಮತ್ತೆ ಓದಿದಾಗ ಪುಟ ಪರಿಚಯವಾಗುತ್ತದೆ. ಪರಿಚಯವನ್ನೇ ನಾವು ಕಲಿಕೆ ಎಂದು ತಿಳಿಯುತ್ತೇವೆ. ಜಾತ್ರೆಯಲ್ಲಿ ಕಂಡ ಮುಖ ಗುರುತು ಹತ್ತುತ್ತದೆ, ಹೆಸರು ಬಾಯಿಗೆ ಬರುವುದಿಲ್ಲ; ಹಾಗೆ. ಪರೀಕ್ಷೆ ಕೇಳುವುದು ಹೆಸರನ್ನು.

ಈ ಸಲ ಪಾಠಯೋಜನೆ, ರೆಕಾರ್ಡು, ಸೆಮಿಸ್ಟರ್ ಪರೀಕ್ಷೆ ಮೂರೂ ಒಟ್ಟಿಗೇ ಬಂದಿವೆ. ನಾನು ಮಾಡುತ್ತಿರುವುದು ಇಷ್ಟು. ಸುರಪುರದಿಂದ ಶಹಾಪುರದ ಬಸ್ಸಿನಲ್ಲಿ ಪುಸ್ತಕ ತೆರೆಯುವುದಿಲ್ಲ. ನಿನ್ನೆ ಓದಿದ ಘಟಕದ ಮುಖ್ಯಾಂಶಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಹೇಳಿಕೊಳ್ಳುತ್ತೇನೆ, ತಡೆದ ಕಡೆ ಚೀಟಿಯಲ್ಲಿ ಗುರುತು ಹಾಕುತ್ತೇನೆ. ಸಂಜೆ ನೋಡುವುದು ಆ ಗುರುತು ಹಾಕಿದ್ದನ್ನು ಮಾತ್ರ. ಅದೇ ಘಟಕವನ್ನು ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಹೀಗೆಯೇ ಕೇಳಿಕೊಳ್ಳುತ್ತೇನೆ. ಭಾನುವಾರ ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟು ಬರೆಯುತ್ತೇನೆ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ನಾವೂ ಕಷ್ಟದ ವಿಷಯವನ್ನು ನಸುಕಿಗೆ ಇಟ್ಟುಕೊಂಡು, ಮಧ್ಯಾಹ್ನಕ್ಕೆ ರೆಕಾರ್ಡು ಬರೆಯುವಂಥ ಕೆಲಸ ಬಿಡುವುದು ಲೇಸು. ನಿದ್ದೆಗೆಟ್ಟು ಓದಬೇಡಿ, ದಿನದ ಕಲಿಕೆ ಮನಸ್ಸಿನಲ್ಲಿ ನೆಲೆಗೊಳ್ಳುವುದು ನಿದ್ದೆಯಲ್ಲೇ.

ಇಷ್ಟು ಮಾಡಿದರೂ ಹೆದರಿಕೆ ಹೋಗುವುದಿಲ್ಲ, ಕಡಿಮೆಯಾಗುತ್ತದೆ. ಎದೆ ಭಾರವಾಗಿ ಊಟ, ನಿದ್ದೆ ಸೇರದಂತಾದರೆ ಒಬ್ಬರಿಗಾದರೂ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು. ನಾನು ಒಂದು ತಿಂಗಳು ಬಾಯಿ ಬಿಡದೆ ಇದ್ದೆ, ಕಡೆಗೆ ಹೇಳಿದಾಗ ಅವ್ವ ಅಂದದ್ದು “ಇನ್ನೊಮ್ಮೆ ಬರಿಲಾಕ ಬರ್ತದೇನು?” ಎಂದಷ್ಟೇ.

2024ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಗೆ ಬಂದದ್ದು ಶೇ. 50.59, ರಾಜ್ಯದಲ್ಲಿ ಕೊನೆಯ ಸ್ಥಾನ. ಅದಕ್ಕೆ ಕಾರಣಗಳು ಹಲವು, ಎಲ್ಲವೂ ನಮ್ಮ ಕೈಯಲ್ಲಿಲ್ಲ. ಪಾಠದ ಕೊನೆಯ ಐದು ನಿಮಿಷ ನಮ್ಮ ಕೈಯಲ್ಲಿದೆ. ಪಾಠಯೋಜನೆಯಲ್ಲಿ ‘ಮೌಲ್ಯಮಾಪನ’ ಎಂಬ ಕಾಲಂ ತುಂಬಿಸಲೆಂದು ನಾನು ಪ್ರಶ್ನೆ ಬರೆಯುತ್ತಿದ್ದೆ. ಮರುದಿನ ಆ ತರಗತಿಗೆ ಹೋದಾಗ ಪಾಠ ಶುರು ಮಾಡುವ ಮೊದಲು ಎಲ್ಲರಿಗೂ ಪುಸ್ತಕ ಮುಚ್ಚಲು ಹೇಳಿ, ನಿನ್ನೆಯದರಲ್ಲಿ ನೆನಪಿದ್ದ ಮೂರು ಸಂಗತಿ ಬರೆಯಿರಿ ಎಂದೆ. ಎರಡನೆಯ ಬೆಂಚಿನ ಹುಡುಗಿ ಎರಡು ಬರೆದಿದ್ದಳು. ಮೂರನೆಯದನ್ನು ಪುಸ್ತಕ ತೆರೆದು ತಾನೇ ಹುಡುಕಿದಳು.