ಶ್ರೀನಿಕೇತನ: ಹೊಲವೇ ಪಾಠಶಾಲೆ



ಇಂದು ತಾವು ಉಂಡ ಅನ್ನವು ಯಾವ ಹೊಲದಲ್ಲಿ ಬೆಳೆಯಿತೆಂದು ಯಾರಾದರೂ ಪ್ರಶ್ನಿಸಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಬಲ್ಲೆವು? ಕಾಲೇಜಿನಲ್ಲಿ ಇಂಗ್ಲಿಷ್ ಕಾವ್ಯವನ್ನು ಬೋಧಿಸುವ ನಾನಂತೂ ಹೇಳಲಾರೆ. ಒಮ್ಮೆ ಶರತ್ಕಾಲವನ್ನು ಕುರಿತ ಕವನವೊಂದನ್ನು ವಿವರಿಸುತ್ತಿದ್ದಾಗ, ನಮ್ಮ ಸೀಮೆಯಲ್ಲಿ ಈ ತಿಂಗಳು ಯಾವ ಪೈರು ಕೊಯ್ಲಿಗೆ ಬಂದಿರುತ್ತದೆಂದು ತರಗತಿಯನ್ನು ಕೇಳಿದೆನು. ಯಾರೂ ಬಾಯಿ ತೆರೆಯಲಿಲ್ಲ. ಪಾಠ ಮುಗಿದ ಮೇಲೆ ರೈತನ ಮಗನೊಬ್ಬನು ಬಂದು ಮೆಲ್ಲಗೆ ಉತ್ತರ ಹೇಳಿದನು. ಎಲ್ಲರೆದುರಿಗೆ ಹೇಳುವುದಕ್ಕೆ ಅವನಿಗೆ ನಾಚಿಕೆಯಾಗಿತ್ತಂತೆ. ಆ ನಾಚಿಕೆಯನ್ನು ಅವನಿಗೆ ಕಲಿಸಿದವರು ಯಾರು? ನಾವೇ ಅಲ್ಲವೆ?

ಈ ಪ್ರಶ್ನೆಗೆ ಕಾರ್ಯರೂಪದಲ್ಲಿ ಉತ್ತರ ಹುಡುಕಿದವರು ರವೀಂದ್ರನಾಥ ಠಾಕೂರರು. ತಮ್ಮ ಮನೆತನದ ಜಮೀನುಗಳನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿಯೇ ಅವರು ವಂಗದೇಶದ ಹಳ್ಳಿಗಳ ದೈನ್ಯವನ್ನು ಕಣ್ಣಾರೆ ಕಂಡಿದ್ದರು. 1906ರಲ್ಲಿ ಮಗನಾದ ರಥೀಂದ್ರನಾಥನನ್ನು ಕೃಷಿಶಾಸ್ತ್ರದ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ಕಳುಹಿಸಿದರು. 1912ರಲ್ಲಿ ಶಾಂತಿನಿಕೇತನಕ್ಕೆ ಸಮೀಪದ ಸುರುಲ್ ಗ್ರಾಮದಲ್ಲಿ ಮನೆಯನ್ನೂ ನೆಲವನ್ನೂ ಕೊಂಡರು. 1922ರ ಫೆಬ್ರವರಿ 6ರಂದು ಲೆನಾರ್ಡ್ ಎಲ್ಮ್‌ಹರ್ಸ್ಟ್ ಎಂಬ ಆಂಗ್ಲ ಯುವಕನ ನೇತೃತ್ವದಲ್ಲಿ ಅಲ್ಲಿ ಗ್ರಾಮಸೇವೆಯ ಕೇಂದ್ರವು ಆರಂಭವಾಯಿತು. ಅದಕ್ಕೆ ಶ್ರೀನಿಕೇತನ, ಎಂದರೆ ಲಕ್ಷ್ಮಿಯ ಮನೆ, ಎಂದು ಹೆಸರಾಯಿತು.

ಲಕ್ಷ್ಮಿಯು ಆ ಸೀಮೆಯನ್ನು ತೊರೆದದ್ದೇಕೆ? ಬೀರ್‌ಭೂಮ್ ಜಿಲ್ಲೆಯ ನೆಲವು ಕೆಂಪು ಜಂಬಿಟ್ಟಿಗೆಯದು. ಮರಗಿಡಗಳ ಹೊದಿಕೆ ಹೋದಂತೆ ಮಳೆಯ ನೀರು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗಿ, ಅಲ್ಲಲ್ಲಿ 'ಖೋಯಾಯಿ' ಎಂಬ ಕೊರಕಲುಗಳನ್ನು ಮಾಡಿತ್ತು. ಇದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಇನ್ನೊಂದುಂಟು. ಪ್ರತಿಯೊಂದು ಬೆಳೆಯೂ ನೆಲದಿಂದ ಸಾರಜನಕ, ರಂಜಕ ಮೊದಲಾದ ಸತ್ತ್ವಗಳನ್ನು ಹೀರಿಕೊಳ್ಳುತ್ತದೆ. ಧಾನ್ಯವು ಹಳ್ಳಿಯಲ್ಲಿಯೇ ವಿನಿಯೋಗವಾದರೆ ಗೊಬ್ಬರದ ರೂಪದಲ್ಲಿ ಆ ಸತ್ತ್ವದ ಬಹುಭಾಗವು ಹಿಂದಿರುಗಬಹುದು. ಪಟ್ಟಣಕ್ಕೆ ಹೋದ ಧಾನ್ಯದ ಸತ್ತ್ವವು ಚರಂಡಿಯ ಪಾಲಾಗುತ್ತದೆ. ಇದನ್ನು ಎಲ್ಮ್‌ಹರ್ಸ್ಟರು 1922ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಉಪನ್ಯಾಸದಲ್ಲಿ ನೆಲದ ಸುಲಿಗೆಯೆಂದು ಕರೆದರು. ಜಾಣ ಮಕ್ಕಳನ್ನೂ ಪಟ್ಟಣವು ಹೀಗೆಯೇ ಸೆಳೆದುಕೊಂಡು ಹಿಂದಿರುಗಿಸದೆ ಇದೆಯೆಂಬುದನ್ನು ನಾವು ಮರೆಯಲಾಗದು.

ಆದಕಾರಣ ಅಲ್ಲಿಯ ಮೊದಲ ಪಾಠವು ತೆಗೆದುಕೊಂಡದ್ದನ್ನು ನೆಲಕ್ಕೆ ಹಿಂದಿರುಗಿಸುವುದೇ ಆಗಿತ್ತು. ಮಲವನ್ನು ಕಂದಕದಲ್ಲಿ ಹಾಕಿ ಮಣ್ಣು ಮುಚ್ಚಿ ತೋಟಕ್ಕೆ ಗೊಬ್ಬರವಾಗಿಸುವ ಕೆಲಸವನ್ನು ಎಲ್ಮ್‌ಹರ್ಸ್ಟರೂ ವಿದ್ಯಾರ್ಥಿಗಳೂ ಜಾಡಮಾಲಿಗಳಿಗೆ ಬಿಡದೆ ತಾವೇ ಮಾಡಿದರು. ಮೇಲುಜಾತಿಯ ಹುಡುಗರಿಗೆ ಇದು ಎಂತಹ ಪರೀಕ್ಷೆಯಾಗಿದ್ದಿರಬೇಕೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಅಲ್ಲಿಯ ಪಾಠಪಟ್ಟಿಯನ್ನು ಬರೆದವು ಋತುಗಳು. ಮಳೆಗಾಲವು ಉಳುಮೆಗೂ ನಾಟಿಗೂ ಕಾಲ. 1928ರ ಮಳೆಗಾಲದಲ್ಲಿ ಠಾಕೂರರು ಶಾಂತಿನಿಕೇತನದಲ್ಲಿ ವೃಕ್ಷಾರೋಪಣವನ್ನೂ ಶ್ರೀನಿಕೇತನದಲ್ಲಿ ಹಲಕರ್ಷಣೋತ್ಸವವನ್ನೂ ಆರಂಭಿಸಿದರು. ಎತ್ತುಗಳನ್ನು ಶೃಂಗರಿಸಿ, ಕವಿಯೇ ನೇಗಿಲು ಹಿಡಿದು ಉತ್ತರು. ನಂದಲಾಲ ಬಸು ಅವರು ಆ ದೃಶ್ಯವನ್ನು ಶ್ರೀನಿಕೇತನದ ಗೋಡೆಯ ಮೇಲೆ ಚಿತ್ರಿಸಿದ್ದಾರೆ. ಮಳೆ ಹಿಂದೆಗೆದೊಡನೆ ಮಲೇರಿಯದ ಕಾಲ. ಸೊಳ್ಳೆಯು ನಿಂತ ನೀರಿನಲ್ಲಿ ಹುಟ್ಟುವುದರಿಂದ ಹೊಂಡಗಳನ್ನು ಬರಿದುಮಾಡುವುದೂ ಕ್ವಿನೈನ್ ಹಂಚುವುದೂ ವಿಜ್ಞಾನದ ಪಾಠವಾದುವು. 'ವ್ರತೀಬಾಲಕ'ರೆಂಬ ಹಳ್ಳಿಯ ಹುಡುಗರ ದಳಗಳು ಈ ಕಾರ್ಯದಲ್ಲಿ ಕೈಗೂಡಿಸಿದುವು. ಸದಸ್ಯರು ಚಂದಾ ಹಾಕಿ ವೈದ್ಯನನ್ನು ಇರಿಸಿಕೊಳ್ಳುವ ಸಹಕಾರ ಆರೋಗ್ಯಸಂಘಗಳೂ ಹುಟ್ಟಿದುವು. ಚಳಿಗಾಲದಲ್ಲಿ ಬತ್ತದ ಕೊಯ್ಲು, ತರಕಾರಿಯ ಬೆಳೆ. ಮಾಘದಲ್ಲಿ ವಾರ್ಷಿಕೋತ್ಸವದ ಜಾತ್ರೆ, ರೈತರ ಬೆಳೆಗಳ ಮತ್ತು ಕೈಕಸಬುಗಳ ಪ್ರದರ್ಶನ. ಬೇಸಗೆಯ ಬಿಸಿಲಿನಲ್ಲಿ ಕೆರೆಯ ಚಿಂತೆ. ಹೂಳು ತುಂಬಿದ ಕೆರೆಯಿಂದ ಹೊಲಕ್ಕೆ ನೀರೂ ಸಾಲದು, ಊರಿಗೆ ಆರೋಗ್ಯವೂ ಇರದು.

1924ರಲ್ಲಿ ಸ್ಥಾಪಿತವಾಗಿ 1927ರಲ್ಲಿ ಶ್ರೀನಿಕೇತನಕ್ಕೆ ಬಂದ 'ಶಿಕ್ಷಾಸತ್ರ'ವು ಈ ಪ್ರಯೋಗದ ಹೃದಯವೆನ್ನಬಹುದು. ಮಗುವಿಗೊಂದು ಪುಟ್ಟ ತೋಟದ ಪಾತಿ, ಒಂದು ಕೈಕಸಬು. ತಾನು ಬೆಳೆದುದರ ಲೆಕ್ಕ ಬರೆಯುವುದರಿಂದಲೇ ಗಣಿತ. ಅವರೆ ಕಡಲೆಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ತರುವುದನ್ನು ತಿಳಿಯುವಲ್ಲಿ ವಿಜ್ಞಾನ. ಶಾಂತಿನಿಕೇತನದ ಶಾಲೆಯನ್ನು ಪೋಷಕರ ಪರೀಕ್ಷಾವ್ಯಾಮೋಹವು ಕಟ್ಟಿಹಾಕಿತ್ತು. ಅಂತಹ ನಿರ್ಬಂಧವಿಲ್ಲದ ಬಡಮಕ್ಕಳೊಡನೆ ಕವಿಯು ತನ್ನ ಆದರ್ಶವನ್ನು ಪ್ರಯೋಗಿಸಬೇಕಾಯಿತು.

ಇಲ್ಲಿಯೇ ಒಂದು ಮುಳ್ಳು ಇದೆ. ಮಣ್ಣಿನ ಶಿಕ್ಷಣವು ಬಡವರ ಮಕ್ಕಳಿಗೆ, ಪದವಿಯ ಶಿಕ್ಷಣವು ಉಳ್ಳವರ ಮಕ್ಕಳಿಗೆ ಎಂದಾದರೆ ಅದು ಹಳೆಯ ಭೇದಕ್ಕೆ ಹೊಸ ಹೆಸರಷ್ಟೆ. ತನ್ನ ಮಗ ಗುಮಾಸ್ತನಾಗಲೆಂದು ಬಯಸುವ ರೈತನನ್ನು ನಿಂದಿಸುವ ಅಧಿಕಾರ ಸಂಬಳ ತೆಗೆದುಕೊಳ್ಳುವ ನನ್ನಂಥವರಿಗಿಲ್ಲ. ಅವನು ನೇಗಿಲಿನ ಕಷ್ಟವನ್ನು ಬಲ್ಲವನು. ನಾವು ಅದರ ಚಿತ್ರವನ್ನು ಮಾತ್ರ ಬಲ್ಲವರು. ಆದುದರಿಂದ ಶ್ರೀನಿಕೇತನದ ಪಾಠವನ್ನು ಮೊದಲು ಕಲಿಯಬೇಕಾದವರು ಪಟ್ಟಣಿಗರಾದ ನಾವೇ ಎಂದು ನನಗೆ ತೋರುತ್ತದೆ.

ಎಲ್ಮ್‌ಹರ್ಸ್ಟರು ಸ್ವದೇಶಕ್ಕೆ ಮರಳಿ, 1925ರಲ್ಲಿ ಪತ್ನಿ ಡೊರೊತಿಯವರೊಡನೆ ಡೆವನ್ ಪ್ರಾಂತದ ಡಾರ್ಟಿಂಗ್ಟನ್ ಎಸ್ಟೇಟನ್ನು ಕೊಂಡು, ಅಲ್ಲಿಯೂ ಕೃಷಿ ಶಿಕ್ಷಣಗಳನ್ನು ಜೊತೆಗೂಡಿಸಲು ಯತ್ನಿಸಿದರು. 1951ರಲ್ಲಿ ವಿಶ್ವಭಾರತಿಯು ಕೇಂದ್ರೀಯ ವಿಶ್ವವಿದ್ಯಾನಿಲಯವಾಯಿತು. ಹಲಕರ್ಷಣೋತ್ಸವವು ಇಂದಿಗೂ ಶ್ರಾವಣಮಾಸದಲ್ಲಿ ನಡೆಯುತ್ತದೆ. ಉತ್ಸವದ ದಿನ ನೇಗಿಲಿಗೆ ಹೂ ಮುಡಿಸುವುದು ಸುಲಭ. ಉಳಿದ ದಿನಗಳಲ್ಲಿ ನೇಗಿಲು ಹಿಡಿದವನ ಮಗನು ತರಗತಿಯಲ್ಲಿ ತಲೆಯೆತ್ತಿ ಉತ್ತರ ಹೇಳುವಂತೆ ಮಾಡುವುದು ಕಷ್ಟ. ಆ ಕಷ್ಟದ ಕೆಲಸವು ಹಳ್ಳಿಯಲ್ಲಿ ಅಲ್ಲ, ನಮ್ಮ ತರಗತಿಗಳಲ್ಲಿಯೇ ಆರಂಭವಾಗಬೇಕಾಗಿದೆ.