ಹಿತ್ತಲ ಕೊನ್ನಾರಿ, ಮನೆಯ ಸಾಲ



ಸಭೆಗಳಿಗೆ ಬಂದಾಗ ನಾವು "ಈ ವರ್ಷ ನಿಮ್ಮ ಗುರಿ ಏನು?" ಅಂತ ಕೇಳುವುದುಂಟು. ಹಸು, ಹೊಲಿಗೆ ಯಂತ್ರ, ಮಗಳ ಕಾಲೇಜು ಎಂದೆಲ್ಲ ಉತ್ತರ ಬರುತ್ತದೆ. ಆದರೆ ಹೆಚ್ಚು ಜನ ಹೇಳುವುದು ಒಂದೇ ಮಾತು: "ಸಾಲ ತೀರಿದರೆ ಸಾಕು ಸಿಸ್ಟರ್." ಈ ಗುರಿಯ ಬಗ್ಗೆ ನಮ್ಮ ಹಿತ್ತಲು ನಮಗೆ ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಕಾನ್ವೆಂಟಿನ ಹಿಂದೆ ನಾಲ್ಕು ಪಾತಿ ಮಾಡುವಷ್ಟು ಜಾಗ ಇದೆ. ಒಂದು ವರ್ಷ ಅದರ ತುಂಬ ಕೊನ್ನಾರಿ ಹುಲ್ಲು. ಕೆಲವು ಊರುಗಳಲ್ಲಿ ನೀವು ಜೇಕು ಅನ್ನುತ್ತೀರಿ. ಒಂದು ಶನಿವಾರ ಎಲ್ಲರೂ ಸೇರಿ ಶ್ರಮದಾನ ಮಾಡಿ, ಬೆಳಿಗ್ಗೆಯಿಂದ ಸಂಜೆವರೆಗೆ ಕಿತ್ತೆವು. ಅಂಗೈಯಲ್ಲಿ ಬೊಬ್ಬೆ ಎದ್ದಿತು, ಹಿತ್ತಲು ಬೋಳಾಯಿತು, ನಮಗೋ ಬಹಳ ಹೆಮ್ಮೆ. ಎರಡು ವಾರ ಕಳೆಯುವುದರೊಳಗೆ ಪಾತಿಯಲ್ಲಿ ಮತ್ತೆ ಹಸಿರು ಮೊಳಕೆ. ನಾವು ನೆಟ್ಟ ಬದನೆ ಸಸಿಗಿಂತ ಅದೇ ಚೆನ್ನಾಗಿ ಬೆಳೆಯಿತು! ಪಕ್ಕದ ಮನೆಯ ಅಜ್ಜಿ ನೋಡಿ ನಕ್ಕುಬಿಟ್ಟರು. "ಗಡ್ಡೆ ಬಿಟ್ಟು ಗರಿ ಕಿತ್ತಿದ್ದೀರಲ್ಲಮ್ಮ" ಅಂದರು. ಎಂ.ಎಸ್.ಡಬ್ಲ್ಯು. ಓದಿದ್ದು ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ಕೊನ್ನಾರಿಯ ಗುಟ್ಟು ಇರುವುದು ಮಣ್ಣಿನೊಳಗೆ. ಒಂದು ಗಡ್ಡೆಯಿಂದ ದಾರದಂಥ ಬೇರು ಹೊರಟು, ಅದರ ತುದಿಯಲ್ಲಿ ಇನ್ನೊಂದು ಗಡ್ಡೆ, ಅದರಿಂದ ಮತ್ತೊಂದು, ಹೀಗೆ ಸರಪಳಿ ಕಟ್ಟುತ್ತದೆ. ಮೇಲಿನ ಗರಿ ಕಿತ್ತರೆ ಗಡ್ಡೆ ತನ್ನಲ್ಲಿರುವ ಶಕ್ತಿಯಿಂದ ಮತ್ತೆ ಚಿಗುರುತ್ತದೆ. ಹೆಚ್ಚಿನ ಗಡ್ಡೆಗಳು ಅರ್ಧ ಅಡಿಯೊಳಗೇ ಇರುತ್ತವೆ. ಅಗೆದು, ಆರಿಸಿ, ಬಿಸಿಲಿಗೆ ಹರಡಿ ಚೆನ್ನಾಗಿ ಒಣಗಿಸಿದರೆ ಸಾಯುತ್ತವೆ. ಉಳಿದವು ಚಿಗುರಿದಾಗ ಹೊಸ ಗಡ್ಡೆ ಕಟ್ಟುವ ಮೊದಲೇ, ಎರಡು ವಾರಕ್ಕೊಮ್ಮೆಯಾದರೂ ಕೀಳುತ್ತಾ ಇರಬೇಕು. ಒಂದು ದಿನದ ಶ್ರಮದಾನಕ್ಕೆ ಅದು ಹೆದರುವುದಿಲ್ಲ.

ಆ ಸಮಯದಲ್ಲೇ ಒಂದು ಸಂಘದ ಅಕ್ಕ ಸಭೆಗೆ ಬರುವುದು ನಿಲ್ಲಿಸಿದ್ದರು. ಮನೆಗೆ ಹೋದೆವು. ಗಂಡನ ಆಪರೇಷನ್‌ಗೆಂದು ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿಗೆ 10,000 ರೂಪಾಯಿ ಕೈಸಾಲ ಮಾಡಿದ್ದರು. ತಿಂಗಳಿಗೆ 500 ರೂಪಾಯಿ, ಒಂದು ತಿಂಗಳೂ ತಪ್ಪಿಸದೆ ಎರಡು ವರ್ಷ ಕಟ್ಟಿದ್ದರು. ಲೆಕ್ಕ ಹಾಕಿ ನೋಡಿ, 12,000 ರೂಪಾಯಿ ಹೋಯಿತು. ಅಸಲು? ಹತ್ತು ಸಾವಿರ ಹಾಗೇ ಕೂತಿತ್ತು. ಅವರೇನು ಸೋಮಾರಿಯಲ್ಲ, ನಮಗಿಂತ ಹೆಚ್ಚು ದುಡಿಯುವವರು. ಗರಿ ಕೀಳುತ್ತಿದ್ದರು, ಅಷ್ಟೇ.

ಸಂಘದಿಂದ 2 ರೂಪಾಯಿ ಬಡ್ಡಿಗೆ ಆಂತರಿಕ ಸಾಲ ಕೊಟ್ಟು ಆ ಕೈಸಾಲ ತೀರಿಸಿದರೆ ಹೇಗೆ ಅಂತ ಸಭೆಯಲ್ಲಿ ಮಾತು ಬಂತು. ಎಲ್ಲರೂ ಒಪ್ಪಲಿಲ್ಲ. "ಸಭೆಗೇ ಬರದವರು ಕಂತು ಕಟ್ಟುತ್ತಾರಾ? ಇದು ನಮ್ಮೆಲ್ಲರ ಉಳಿತಾಯ" ಅಂದರು. ಅವರು ಕೇಳಿದ್ದು ಸರಿಯೇ. ಎರಡು ಸಭೆ ಚರ್ಚೆ ನಡೆಯಿತು, ಒಮ್ಮೆ ಜಗಳವೂ ಆಯಿತು. ಕೊನೆಗೆ ಇಬ್ಬರು ಸದಸ್ಯರು ಜಾಮೀನು ನಿಂತರು. ಅಸಲು ತಿಂಗಳಿಗೆ 500, ಉಳಿದ ಅಸಲಿಗೆ ಮಾತ್ರ ಬಡ್ಡಿ ಎಂದು ನಡಾವಳಿ ಬರೆದರು. ಮೊದಲ ಕಂತು 700, ಆಮೇಲೆ 690, 680, ಹೀಗೆ ಇಳಿಯುತ್ತಾ ಇಪ್ಪತ್ತನೆಯ ಕಂತು 510. ಒಟ್ಟು ಬಡ್ಡಿ 2,100 ರೂಪಾಯಿ. ಕೈಸಾಲದಲ್ಲಾದರೆ ಐದು ತಿಂಗಳೂ ಆಗದ ಬಡ್ಡಿ ಅದು!

ಮೊದಲಿಗಿಂತ ಹೆಚ್ಚಾದ 200 ರೂಪಾಯಿ ಎಲ್ಲಿಂದ ತರುವುದು? ಅಲ್ಲಿಗೂ ಹಿತ್ತಲೇ ಬಂತು. ಬಚ್ಚಲ ನೀರು ಹೋಗುವ ಕಡೆ ಆ ಅಕ್ಕ ಹರಿವೆ ಹಾಕಿದರು. ಹರಿವೆ ಒಂದು ತಿಂಗಳೊಳಗೆ ಕೀಳಲು ಬರುತ್ತದೆ, ಬೆಂಡೆ ಒಂದೂವರೆ ತಿಂಗಳಿಗೆ. ತೆಂಗಿನ ಸಸಿ ನೆಟ್ಟರೆ ಐದಾರು ವರ್ಷ ಕಾಯಬೇಕು. ಅದೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಈ ತಿಂಗಳ ಕಂತಿಗೆ ತೆಂಗು ಆಗುವುದಿಲ್ಲವಲ್ಲ. ಸೊಪ್ಪಿನ ಕಂತೆ, ನಾಲ್ಕು ನಾಟಿ ಕೋಳಿಯ ಮೊಟ್ಟೆ, ಇದರಲ್ಲೇ ಹೊಂದಿಸಿದರು. ಎಲ್ಲ ಸುಸೂತ್ರವಾಗಿ ನಡೆಯಿತು ಅಂದರೆ ಸುಳ್ಳಾಗುತ್ತದೆ. ಒಂದು ಮಳೆಗಾಲ ಸೊಪ್ಪು ಕೊಳೆತು ಎರಡು ತಿಂಗಳು ಬಡ್ಡಿ ಮಾತ್ರ ಕಟ್ಟಿದರು. ಆದರೆ ಸಭೆಗೆ ಬಂದು, ಎದ್ದು ನಿಂತು ಹೇಳಿದರು. ಇಪ್ಪತ್ತೆರಡನೆಯ ತಿಂಗಳು ಸಾಲ ತೀರಿತು.

ಇನ್ನೊಂದು ವಿಷಯ. ಕೊನ್ನಾರಿಗೆ ನೆರಳು ಆಗುವುದಿಲ್ಲ. ತೆಗೆದ ಜಾಗವನ್ನು ಖಾಲಿ ಬಿಟ್ಟರೆ ಮತ್ತೆ ಅದೇ ಬರುತ್ತದೆ. ಗೆಣಸಿನ ಬಳ್ಳಿ, ಅಲಸಂದೆ ಹಬ್ಬಿಸಿ ನೆಲ ಮುಚ್ಚಿದರೆ ಅಡಗುತ್ತದೆ. ಸಾಲ ತೀರಿದ ಮುಂದಿನ ತಿಂಗಳು ಆ ಅಕ್ಕ ಕಂತಿನ 500 ರೂಪಾಯಿಯನ್ನೇ ವಿಶೇಷ ಉಳಿತಾಯ ಅಂತ ಬರೆಸಿದರು. ನಾವು ಹೇಳಿಕೊಟ್ಟಿದ್ದಲ್ಲ, ಅವರಿಗೇ ಹೊಳೆದದ್ದು.

ಮುಂದಿನ ಸಭೆಗೆ ಬರುವಾಗ ನಿಮ್ಮ ಕೈಸಾಲಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ: ಅಸಲು ಎಷ್ಟು, ಬಡ್ಡಿ ಎಷ್ಟು, ಇದುವರೆಗೆ ಕಟ್ಟಿದ್ದೆಷ್ಟು. ಹೆಸರು ಬರೆಯುವುದು ಬೇಡ. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಬಹುದು, ಇಲ್ಲದಿದ್ದರೆ ನಮ್ಮ ಕಾರ್ಯಕರ್ತೆಗೆ ಗುಟ್ಟಾಗಿ ಹೇಳಿ. ಎಲ್ಲರೂ ಕೂತು ಲೆಕ್ಕ ಹಾಕೋಣ.