ಏಕಸದನ, ದ್ವಿಸದನ: ಗಡಿನಾಡಿನ ಮತದಾರನಿಗಿರುವ ದಾರಿಗಳು

ಭಾರತದ ಹೆಚ್ಚಿನ ರಾಜ್ಯಗಳ ಶಾಸಕಾಂಗದಲ್ಲಿರುವುದು ವಿಧಾನಸಭೆಯೆಂಬ ಒಂದೇ ಸದನ. ಸೊಲ್ಲಾಪುರ, ಅಕ್ಕಲಕೋಟೆಗಳಿರುವ ಮಹಾರಾಷ್ಟ್ರದಲ್ಲಿಯೂ ನೆರೆಯ ಕರ್ನಾಟಕದಲ್ಲಿಯೂ ವಿಧಾನ ಪರಿಷತ್ತೆಂಬ ಎರಡನೆಯ ಸದನ ಉಂಟು. ಆದುದರಿಂದ ಏಕಸದನವೆಂಬುದು ಇಲ್ಲಿನ ವಿದ್ಯಾರ್ಥಿಗೆ ಬಹುಮಟ್ಟಿಗೆ ಪುಸ್ತಕದ ಮಾತು. (ಅಕ್ಕಲಕೋಟೆಯ ನೆರೆಯ ಕಲಬುರಗಿಯು 1952ರಿಂದ 1956ರವರೆಗೆ ಏಕಸದನದ ಹೈದರಾಬಾದ್ ರಾಜ್ಯದಲ್ಲಿತ್ತೆಂಬುದು ಇಂದು ಹಲವರಿಗೆ ನೆನಪಿಲ್ಲ.) ಅದರ ಸ್ವರೂಪವನ್ನರಿಯಲು ಇನ್ನೊಂದು ಗಡಿನಾಡಾದ ಕಾಸರಗೋಡಿನತ್ತ ನೋಡಬೇಕು.

ಕಾಸರಗೋಡು ಸೇರಿರುವ ಕೇರಳದಲ್ಲಿ 140 ಕ್ಷೇತ್ರಗಳಿಂದ ನೇರವಾಗಿ ಆಯ್ಕೆಯಾದ 140 ಮಂದಿಯದೇ ಸದನ. ಸದಸ್ಯನಾಗಲು 25 ವರ್ಷ ತುಂಬಿರಬೇಕು. ಸಭೆಯ ಅವಧಿ ಐದು ವರ್ಷ. ಸಭೆಯು ತನ್ನ ಸದಸ್ಯರಿಂದಲೇ ಸಭಾಧ್ಯಕ್ಷರನ್ನು ಆರಿಸಿಕೊಳ್ಳುತ್ತದೆ. ಅಂಗೀಕೃತ ಮಸೂದೆಯು ನೇರವಾಗಿ ರಾಜ್ಯಪಾಲರ ಬಳಿಗೆ ಹೋಗುತ್ತದೆ. ಕನ್ನಡದ ದನಿ ಆ ಸದನವನ್ನು ಮುಟ್ಟಬೇಕಾದರೆ ಮಂಜೇಶ್ವರ, ಕಾಸರಗೋಡಿನಂತಹ ಕ್ಷೇತ್ರಗಳ ಮೂಲಕವೇ ಮುಟ್ಟಬೇಕು. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು.

ಪ್ರಮಾಣವಚನದ ಮಾತು ಬೇರೆ, ಕಲಾಪದ ಮಾತು ಬೇರೆ. ಸಂವಿಧಾನದ 210ನೆಯ ವಿಧಿಯಂತೆ ಕಲಾಪವು ರಾಜ್ಯದ ಅಧಿಕೃತ ಭಾಷೆಯಲ್ಲಿ ಅಥವಾ ಹಿಂದಿಯಲ್ಲಿ, ಕಾನೂನು ಅವಕಾಶವಿತ್ತ ಕಡೆ ಇಂಗ್ಲಿಷಿನಲ್ಲಿ ನಡೆಯಬೇಕು. ಇವುಗಳಲ್ಲಿ ಸಮರ್ಪಕವಾಗಿ ಮಾತನಾಡಲಾರದ ಸದಸ್ಯನಿಗೆ ಸಭಾಧ್ಯಕ್ಷರು ಮಾತೃಭಾಷೆಯನ್ನು ಬಳಸಲು ಅನುಮತಿ ನೀಡಬಹುದು. ಇದು ಅನುಮತಿಯೇ ಹೊರತು ಹಕ್ಕಲ್ಲ. ಅದಕ್ಕೆ ಆಧಾರವೂ ಅಸಾಮರ್ಥ್ಯವೇ, ಅಭಿಮಾನವಲ್ಲ. ಮರಾಠಿಯನ್ನು ಚೆನ್ನಾಗಿ ಬಲ್ಲ ಅಕ್ಕಲಕೋಟೆಯ ಶಾಸಕನಿಗೆ ಈ ವಿನಾಯಿತಿ ಅನ್ವಯಿಸುವುದು ಕಷ್ಟ.

ಮಹಾರಾಷ್ಟ್ರದಲ್ಲಿ 288 ಸದಸ್ಯರ ವಿಧಾನಸಭೆಯ ಜೊತೆಗೆ 78 ಸದಸ್ಯರ ಪರಿಷತ್ತಿದೆ. ಪರಿಷತ್ತಿನಲ್ಲಿ 30 ಮಂದಿಯನ್ನು ಶಾಸಕರು, 22 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, ತಲಾ 7 ಮಂದಿಯನ್ನು ಪದವೀಧರರು ಮತ್ತು ಶಿಕ್ಷಕರು ಆರಿಸುತ್ತಾರೆ. 12 ಮಂದಿ ನಾಮಕರಣಗೊಂಡವರು. ಕನ್ನಡ ಐಚ್ಛಿಕ ವಿದ್ಯಾರ್ಥಿಗೆ ಇಲ್ಲಿ ನೇರ ಸಂಬಂಧವಿದೆ. ಸೊಲ್ಲಾಪುರ ಜಿಲ್ಲೆ ಪುಣೆ ವಿಭಾಗದ ಪದವೀಧರ ಮತಕ್ಷೇತ್ರಕ್ಕೆ ಸೇರಿದ್ದು, ಪದವಿ ಪಡೆದು ಮೂರು ವರ್ಷ ಕಳೆದ ಅಲ್ಲಿನ ನಿವಾಸಿ ಮತದಾರನಾಗಬಹುದು. ಆದರೆ ಈ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧಪಡಿಸುವುದರಿಂದ ಪ್ರತಿಸಲವೂ ನಮೂನೆ 18ರಲ್ಲಿ ಅರ್ಜಿ ಸಲ್ಲಿಸಬೇಕು. ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿದ್ದರೆ ಸಾಕೆಂದು ಸುಮ್ಮನಿದ್ದವನಿಗೆ ಈ ಮತ ದೊರೆಯದು.

ಶಿಕ್ಷಕರ ಮತಕ್ಷೇತ್ರದಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಪ್ರೌಢಶಾಲೆಗಿಂತ ಕೆಳಗಿನ ಹಂತದ ಸಂಸ್ಥೆಗಳಲ್ಲಿ ಬೋಧಿಸುವವರಿಗೆ ಅಲ್ಲಿ ಮತವಿಲ್ಲ. ಮಗುವಿಗೆ ಕನ್ನಡದ ಅಕ್ಷರ ತಿದ್ದಿಸುವ ಅಕ್ಕಲಕೋಟೆಯ ಪ್ರಾಥಮಿಕ ಶಾಲೆಯ ಗುರುಗಳು ಈ ಸಾಲಿನಿಂದ ಹೊರಗುಳಿಯುತ್ತಾರೆ. ಪದವಿಯುಳ್ಳವರು ಪದವೀಧರರಾಗಿ ಮತ ಹಾಕಬಹುದು, ಅಷ್ಟೇ.

ಪರಿಷತ್ತಿನ ಬಲವನ್ನು ಹಿಗ್ಗಿಸಿ ಹೇಳುವುದೂ ಸಲ್ಲದು. ಹಣಕಾಸು ಮಸೂದೆಯನ್ನು ಅದು 14 ದಿನಗಳಿಗಿಂತ ಹೆಚ್ಚು ತಡೆಯಲಾರದು. ಇತರ ಮಸೂದೆಗಳನ್ನು ಮೊದಲಸಲ ಮೂರು ತಿಂಗಳು, ಎರಡನೆಯ ಸಲ ಒಂದು ತಿಂಗಳು ತಡೆಯಬಹುದು. ಕೊನೆಯ ಮಾತು ವಿಧಾನಸಭೆಯದೇ. ಪರಿಷತ್ತಿನ ಅಸ್ತಿತ್ವವೂ ಅದರ ಕೈಯಲ್ಲಿಲ್ಲ. ವಿಧಾನಸಭೆಯು ವಿಶೇಷ ಬಹುಮತದಿಂದ ನಿರ್ಣಯ ಕೈಗೊಂಡರೆ ಸಂಸತ್ತು ಸಾಮಾನ್ಯ ಕಾನೂನಿನಿಂದ ಅದನ್ನು ರದ್ದುಪಡಿಸಬಹುದು. 1986ರಲ್ಲಿ ತಮಿಳುನಾಡಿನಲ್ಲಿ ಹಾಗೆಯೇ ಆಯಿತು. ಅಂತಹ ನಿರ್ಣಯಕ್ಕೆ ಪರಿಷತ್ತಿನ ಒಪ್ಪಿಗೆ ಬೇಕಾಗಿಲ್ಲ.